ಕ್ರೇಗನ ಬಲಗಿವಿ

ಕ್ರೇಗ್ ಬ್ಯಾಗ್ಲಿನ್‌ನ ಬಲಗಿವಿ ಹಿಟ್ಟಿನ ಉಂಡೆಯನ್ನು ಹಿಸುಕಿ ಅಂಟಿಸಿದ ಹಾಗಿತ್ತು. ಹಾಗೆ ಮಾಡಿದವನು ವೆಕ್ಸ್‌ಬಿ ರಗ್ಬಿ ತಂಡದ ಡೆನ್ಜಿಲ್ ಹಾಕಿನ್. ವರ್ಷಕ್ಕೆರಡು ಸಲ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಇಬ್ಬರೂ ಕಿವಿಗೆ ಕಿವಿ ತಿಕ್ಕಿಕೊಂಡು ಒಬ್ಬರನ್ನೊಬ್ಬರು ತಳ್ಳುತ್ತ ಅರ್ಧ ಆಯುಷ್ಯ ಕಳೆದಿದ್ದರು. ಮಾತಾಡಿದ್ದು ಮಾತ್ರ ಅಷ್ಟಕ್ಕಷ್ಟೇ.

ಕಿಂಗ್ಸ್‌ಮೀಡ್ ಕ್ಲಬ್ಬಿಗೆ ಕ್ರೇಗ್ ಬಂದದ್ದು ಗಡ್ಡ ಮೀಸೆ ಸರಿಯಾಗಿ ಮೂಡುವ ಮೊದಲು. ಅಂದಿನಿಂದ ಅವನ ಕೆಲಸ ಒಂದೇ, ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ಬಲಗಡೆ ನಿಂತು ತಲೆ ತಗ್ಗಿಸಿ ತಳ್ಳುವುದು. ಎಂಟು ಜನ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಎದುರಿನ ಎಂಟು ಜನರಿಗೆ ಹೆಗಲು ಕೊಟ್ಟು, ನಡುವೆ ಉರುಳಿಬಿಟ್ಟ ಚೆಂಡಿಗಾಗಿ ಹೆಣಗುವ ಕೆಲಸ ಅದು. ಚೆಂಡು ಎತ್ತಿಕೊಂಡು ಓಡುವವರ ಮುಖ ಪೇಪರಿನಲ್ಲಿ ಬರುತ್ತದೆ. ಕ್ರೇಗನದು ಬರುತ್ತಿದ್ದದ್ದು ಬೆನ್ನಿನ ಕೆಳಭಾಗ, ಅದೂ ಅದೃಷ್ಟ ಚೆನ್ನಾಗಿದ್ದರೆ.

ದೇಶದ ತಂಡದ ಬಿಳಿ ಅಂಗಿ ತೊಡುವ ಯೋಗ ಒಂದೇ ಸಲ ಬಂದಿತ್ತು. ಟ್ವಿಕೆನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಒಳಗೆ ಕಳಿಸಿದರು. ಅಷ್ಟು ಹೊತ್ತಿನಲ್ಲಿ ಒಂದಾದರೂ ಸ್ಕ್ರಮ್ ಆಗಲಿಲ್ಲ. ಮದುವೆಮನೆಗೆ ಹೋಗಿ ಊಟವಿಲ್ಲದೆ ಬಂದವನ ಹಾಗೆ ಅವನು ಸುಮ್ಮನೆ ಅತ್ತಿತ್ತ ಓಡಾಡಿ ವಾಪಸಾದ. ಮತ್ತೆ ಯಾರೂ ಕರೆಯಲಿಲ್ಲ.

ಹೆಂಡತಿ ಜೆಮ್ಮಾ ಬಿಟ್ಟುಹೋದ ಮೇಲೆ ಮನೆಯಲ್ಲಿ ಕೆಟಲ್ಲಿನ ಸದ್ದು, ಟಿವಿಯ ಸದ್ದು, ಇಷ್ಟೇ. ಅಷ್ಟು ದೊಡ್ಡ ಮೈಯನ್ನು ಯಾರಾದರೂ ಮುಟ್ಟುತ್ತಿದ್ದರೆ ಅದು ಮೈದಾನದಲ್ಲಿ ಮಾತ್ರ. ಈ ಸಲ ಕ್ಲಬ್ಬಿನವರು ಕರಾರು ಮುಂದುವರಿಸುವುದಿಲ್ಲ ಎಂದು ನಯವಾಗಿ ಹೇಳಿದಾಗ ಅವನಿಗೆ ಸಂಬಳದ ಯೋಚನೆ ಬರಲಿಲ್ಲ. ಇನ್ನು ಮೇಲೆ ನನ್ನ ಹೆಗಲು ಹಿಡಿಯುವವರು ಯಾರು ಎಂದು ಭಯವಾಯಿತು. ಅದನ್ನು ಯಾರ ಮುಂದೆ ಹೇಳುವುದು?

ಕೊನೆಯ ಪಂದ್ಯ ವೆಕ್ಸ್‌ಬಿಯ ಮೇಲೆಯೇ ಬಿತ್ತು. ಡೆನ್ಜಿಲ್‌ನ ಜೊತೆ ಒಂದೇ ಒಂದು ಪೂರಾ ಸ್ಕ್ರಮ್ ಆಡಿಬಿಟ್ಟರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದುಕೊಂಡಿದ್ದ. ಡೆನ್ಜಿಲ್ ಮಂಡಿಗೆ ಪಟ್ಟಿ ಸುತ್ತಿಕೊಂಡು ಬದಲಿಯವರ ಬೆಂಚಿನಲ್ಲಿ ಕೂತಿದ್ದ, ಅವನಿಗೂ ವಯಸ್ಸಾಗಿತ್ತು. ಅರ್ಧ ಆಟ ದಾಟಿದ ಮೇಲೆ ಕೋಚ್ ಮಾಲ್ಕಮ್ ಎಂದಿನಂತೆ ಕ್ರೇಗನನ್ನು ಹೊರಗೆ ಕರೆಯಲು ಕೈಯೆತ್ತಿದ.

ಮೈದಾನದ ಅಂಚಿಗೆ ಬಂದ ಕ್ರೇಗ್ ಡೆನ್ಜಿಲ್‌ನ ಕಡೆ ತೋರಿಸಿ, "ಅವನು ಬರೋವರೆಗೂ ಇರ್ತೀನಿ, ಸಾರ್. ಇದೊಂದು ಕೇಳ್ತೀನಿ ಅಷ್ಟೇ" ಅಂದ.

ಅಷ್ಟು ವರ್ಷದಲ್ಲಿ ಅವನು ಏನನ್ನೂ ಕೇಳಿದವನಲ್ಲ. ಮಾಲ್ಕಮ್ ಕೈಯಿಳಿಸಿದ.

ಡೆನ್ಜಿಲ್ ಬಂದ. ಆದರೆ ಅವನು ಬಂದ ಸ್ವಲ್ಪ ಹೊತ್ತಿಗೇ, ಒಂದೂ ಸ್ಕ್ರಮ್ ಆಗುವ ಮೊದಲೇ, ವೆಕ್ಸ್‌ಬಿಯ ಮುಂದಿನ ಸಾಲಿನ ಬಲಗಡೆಯವನು ಹೆಗಲ ಕೀಲು ಜಾರಿ ಹೊರಟ. ಬದಲಿಗೆ ಬಂದವನೂ ತಲೆಗೆ ಪೆಟ್ಟು ತಿಂದು ಹೊರಟ. ಆ ಜಾಗಕ್ಕೆ ಪಳಗಿದವರು ಇನ್ನು ಯಾರೂ ಇರಲಿಲ್ಲ. ಪಳಗದವನ ಕುತ್ತಿಗೆಗೆ ಅಪಾಯವೆಂದು ಇಂಥ ಹೊತ್ತಿಗೆ ಇರುವ ನಿಯಮವನ್ನು ರೆಫರಿ ಇಬ್ಬರು ನಾಯಕರನ್ನೂ ಕರೆದು ಹೇಳಿದ: ಇನ್ನು ಮುಂದೆ ಸ್ಕ್ರಮ್ ಕಟ್ಟಬೇಕು, ತಳ್ಳುವ ಹಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕ್ರೇಗನಿಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

ಆಟ ಮುಗಿಯುವ ಹೊತ್ತಿಗೆ ಕಿಂಗ್ಸ್‌ಮೀಡ್ ಸ್ವಲ್ಪವೇ ಮುಂದಿತ್ತು. ತಾವು ಕಾಯಬೇಕಾದ ಕೊನೆಯ ಗೆರೆಯ ಹತ್ತಿರ ಒಂದು ಸ್ಕ್ರಮ್, ಚೆಂಡೂ ತಮ್ಮದೇ. ಕಟ್ಟಿ ನಿಂತು, ಚೆಂಡು ಹಿಂದೆ ಬಂದ ಮೇಲೆ ಹೊರಗೆ ಒದ್ದುಬಿಟ್ಟರೆ ಗೆಲುವು ಅವರದು. ಸಾಲುಗಳು ಬಗ್ಗಿದವು. ಡೆನ್ಜಿಲ್‌ನ ಕಿವಿ ಕ್ರೇಗನ ಕಿವಿಗೆ ತಾಗಿತು. ಆ ಬಿಸಿ, ಆ ಮುಲಾಮಿನ ವಾಸನೆ, ಎಲ್ಲ ಹಳೆಯದೇ. ತಳ್ಳಾಟವಿಲ್ಲದ ಆ ಮೌನದಲ್ಲಿ ಎದುರಿನ ಮೈಯ ಭಾರ ನಿಧಾನವಾಗಿ ಅವನ ಮೇಲೆ ಬಂತು. ಇವನೂ ತಳ್ಳಾಟ ಕೇಳುತ್ತಿದ್ದಾನೆ, ಇವನಿಗೂ ಬೇಕಾಗಿದೆ ಎಂದುಕೊಂಡ ಕ್ರೇಗ್. ಬುದ್ಧಿ ಬೇಡವೆನ್ನುವ ಮೊದಲೇ ಕಾಲು ನೆಲಕ್ಕೆ ಊರಿ ಮೈಯಿಡೀ ಮುಂದೆ ನುಗ್ಗಿತು. ಡೆನ್ಜಿಲ್ ಹಿಂದೆ ಹೋದ. ಆ ಒಂದು ಕ್ಷಣ ಕ್ರೇಗ್ ಸುಖವಾಗಿದ್ದ.

ರೆಫರಿ ಸೀಟಿ ಊದಿದ. ತಳ್ಳಿದ ತಪ್ಪಿಗೆ ಚೆಂಡು ವೆಕ್ಸ್‌ಬಿಗೆ. ಇವರು ಬಾಯಿಬಿಟ್ಟುಕೊಂಡು ನೋಡುತ್ತಿರುವಾಗಲೇ ಅವರ ಕಡೆಯ ಕುಳ್ಳನೊಬ್ಬ ನಿಯಮದಂತೆ ಚೆಂಡನ್ನು ಕಾಲಿಗೆ ತಾಗಿಸಿ, ಎತ್ತಿಕೊಂಡು ಗೆರೆ ದಾಟಿ ಅಂಕ ಗಳಿಸಿದ. ಪಂದ್ಯ ಹೋಯಿತು.

ಯಾರೂ ಬೈಯಲಿಲ್ಲ, ಅದೇ ಕಷ್ಟವಾಗಿತ್ತು. ಬೆನ್ನು ತಟ್ಟಿ ಒಬ್ಬೊಬ್ಬರಾಗಿ ಹೆಂಡತಿ ಮಕ್ಕಳ ಕಡೆ ಹೋದರು. ಗೆದ್ದರೂ ಸೋತರೂ ಎರಡೂ ಕಡೆಯ ಮುಂದಿನ ಸಾಲಿನವರು ಕ್ಲಬ್ಬಿನ ಮೂಲೆಯ ಮೇಜಿನಲ್ಲಿ ಒಟ್ಟಿಗೆ ಬಿಯರ್ ಕುಡಿಯುವುದು ವಾಡಿಕೆ. ಅಂದು ಅಲ್ಲಿ ಕ್ರೇಗ್ ಒಬ್ಬನೇ ಕೂತಿದ್ದ. ಡೆನ್ಜಿಲ್ ಕುಂಟುತ್ತ ಎರಡು ಗ್ಲಾಸು ತಂದು ಅವನ ಬಲಕ್ಕೆ ಕೂತ.

"ಒಳ್ಳೇ ಕೆಲಸ ಮಾಡ್ದೆ ಕಣಯ್ಯ. ನಮ್ಮೂರಲ್ಲಿ ಒಂದು ಬೀದಿಗೆ ನಿನ್ ಹೆಸರಿಡ್ತಾರೆ" ಅಂದ.

ಕ್ರೇಗ್ ನಗಲಿಲ್ಲ. "ಮೊದಲು ತಳ್ಳಿದ್ದು ನೀನಲ್ವಾ?"

"ನಾನಾ? ಇಲ್ಲಪ್ಪ."

"ಭಾರ ಬಂತಲ್ಲ ನನ್ ಮೇಲೆ."

ಡೆನ್ಜಿಲ್ ಗ್ಲಾಸಿನ ನೊರೆ ಊದಿದ. "ಒರಗಿದ್ದೆ ಕಣೋ. ಮಂಡಿ ಸೋತಿತ್ತು. ತಳ್ಳೋ ಹಾಗಿಲ್ಲ ಅಂದ್ರಲ್ಲ, ಸರಿ, ಇವನ ಮೇಲೆ ಒಂದ್ ಗಳಿಗೆ ಒರಗೋಣ ಅನ್ನಿಸ್ತು. ಇಷ್ಟು ವರ್ಷದಲ್ಲಿ ಒರಗೋಕೆ ಸಿಕ್ಕಿದ್ದು ಇವತ್ತೊಂದೇ ದಿನ."

ಹೊರಗೆ ವೆಕ್ಸ್‌ಬಿಯ ಬಸ್ಸು ಹಾರ್ನ್ ಹೊಡೆಯಿತು. ಡೆನ್ಜಿಲ್ ಮೇಜು ಹಿಡಿದು ಎದ್ದು, ಕ್ರೇಗನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದ. ಕ್ರೇಗನ ಬಲಗಿವಿ ಇನ್ನೂ ಬಿಸಿಯಾಗಿತ್ತು. ಅದು ಆರುವವರೆಗೂ ಅಂಗೈಯಿಂದ ಮುಚ್ಚಿಕೊಂಡು ಅವನು ಅಲ್ಲೇ ಕೂತಿದ್ದ.