ಗಾಳಿಗೆ ಅಲುಗದ ಬ್ಯಾನರ್

ಅಕ್ಕನ ಗಂಡ ಕಂಟ್ರಾಕ್ಟರ್ ಆದಮೇಲೆ ತಮ್ಮನಿಗೆ ಕೆಲಸಕ್ಕೇನು ಬರ? ಮೊನ್ನೆಮೊನ್ನೆಯವರೆಗೆ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿನ ಅಳತೆ ನೋಡುತ್ತಿದ್ದವನು ಈಗ ಹಳೇ ಗಡಿಯಾರದ ಗೋಪುರದ ದುರಸ್ತಿಯಲ್ಲಿ ಆಳುಗಳ ತಲೆ ಕಾಯುವ ಸುರಕ್ಷತಾ ಅಧಿಕಾರಿ. “ಅಳತೆ ಅಂದ್ರೆ ಅಳತೆನೇ ಕಣೋ, ಕಾಲಾದ್ರೇನು, ತಲೆಯಾದ್ರೇನು?” ಎಂದು ಭಾವ ಬೆನ್ನು ತಟ್ಟಿದ್ದರು.

ತಪಾಸಣೆಯ ದಿನ ಅವನು ಗೋಪುರದ ಮೇಲೆ ದೊಡ್ಡದೊಂದು ಬಟ್ಟೆಯ ಬ್ಯಾನರ್ ಕಟ್ಟಿಸಿದ: ‘ಜೀವ ಮೊದಲು, ಕೆಲಸ ಆಮೇಲೆ.’ ಗಾಳಿ ಅದನ್ನು ಎರಡು ಸಲ ಕಿತ್ತು ಬಿಸಾಕಿತು. ಅವನ ಜೀವ ಬಾಯಿಗೆ ಬಂತು. ಕೊನೆಗೆ, ಮೇಲೆ ಹಲಗೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದ ಗಾರೆ ಮೇಸ್ತ್ರಿಯ ಸೊಂಟದ ಬೆಲ್ಟು, ಹಗ್ಗ ಎರಡನ್ನೂ ಬಿಚ್ಚಿಸಿ ಬ್ಯಾನರಿಗೆ ಬಿಗಿಸಿದ.

“ನಾನೇನು ಹಿಡ್ಕೊಳ್ಳಲಿ ಸಾರ್?” ಎಂದ ಮೇಸ್ತ್ರಿ.

“ಧೈರ್ಯ ಹಿಡ್ಕೊಳ್ಳಯ್ಯ. ಸಾಹೇಬ್ರು ಬಂದು ಹೋಗೋತನಕ ತಾನೆ!”

ತಪಾಸಣೆಯ ಸಾಹೇಬರು ಬಂದು ತಲೆಯೆತ್ತಿ ನೋಡಿದರು. “ಇಷ್ಟು ಗಾಳಿಗೂ ಅಲುಗಾಡ್ತಿಲ್ವಲ್ಲ, ಭೇಷ್!”

ಅವನು ಉಬ್ಬಿಹೋದ. “ಏನೇ ಆದ್ರೂ ಬೀಳಲ್ಲ ಸಾರ್. ಎರಡಾಳಿನ ಭಾರ ತಡೆಯೋ ಬೆಲ್ಟ್ ಹಾಕಿಸಿದೀನಿ.”

ಅಷ್ಟರಲ್ಲಿ ಮೇಲೆ ಹಲಗೆ ಜಾರಿತು. ಮೇಸ್ತ್ರಿ ಕೈಗೆ ಸಿಕ್ಕ ಬ್ಯಾನರಿನ ಅಂಚಿಗೇ ಜೋತುಬಿದ್ದ. ಬೆಲ್ಟು ತಡೆಯಿತು. ಆದರೆ ‘ಜೀವ’ ಎಂಬ ಅಕ್ಷರಗಳ ಪಕ್ಕದಲ್ಲೇ ಬಟ್ಟೆ ಪರ್ರನೆ ಹರಿಯತೊಡಗಿತು.

ಸುರಕ್ಷತಾ ಅಧಿಕಾರಿ ಎದೆ ಎದೆ ಬಡಿದುಕೊಂಡು ಕೂಗಿದ: “ಅಯ್ಯೋ, ಬ್ಯಾನರ್ ಹರೀತಾ ಇದೆ ಕಣೋ! ಕೈ ಬಿಡೋ, ಬಿಡೋ!”