ಹನ್ನೊಂದನೇ ನಂಬರಿನ ಸೀಟು

ನಮ್ಮ ಆರೋಗ್ಯ ಕೇಂದ್ರದ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಅದರಲ್ಲಿ ನಾಲ್ಕೇ ಹೆಸರು, ಹನ್ನೊಂದರಿಂದ ಹದಿನಾಲ್ಕರವರೆಗೆ ನಂಬರು. ಹಿರಿಯರ ವ್ಯಾನಿನಲ್ಲಿ ಸೀಟು ಸಿಗದೆ ಕಾಯುತ್ತಿದ್ದವರ ಪಟ್ಟಿ ಅದು. ಅಂಟಿಸಿದವಳು ನಾನೇ. ನಾನು ಇಲ್ಲಿನ ಆರೋಗ್ಯ ಕಾರ್ಯಕರ್ತೆ, ಎಲ್ಲರ ಬಾಯಲ್ಲೂ ಸಿಸ್ಟರು. ನೀವಿರುವ ಕಡೆಯೂ ಇಂಥದೊಂದು ಪಟ್ಟಿ ಇದ್ದೀತು, ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

ಈ ವ್ಯಾನು ಸರ್ಕಾರದ್ದು. ಅರವತ್ತೈದು ದಾಟಿದ ಯಾರೇ ಆಗಲಿ, ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿ ಮಧ್ಯಾಹ್ನ ವಾಪಸ್ ಮನೆ ಬಾಗಿಲಿಗೆ ಬಿಡುತ್ತದೆ. ಒಂದು ಕಾಸೂ ಕೇಳುವುದಿಲ್ಲ. ನೀವು ಸಾಹುಕಾರರಾ, ಬಡವರಾ ಅಂತಲೂ ಕೇಳುವುದಿಲ್ಲ. ಒಳ್ಳೆಯ ನಿಯಮ, ನನಗೆ ಅದರ ಮೇಲೆ ಇವತ್ತಿಗೂ ಗೌರವವಿದೆ. ಆದರೆ ಸೀಟು ಹತ್ತೇ. ಒಮ್ಮೆ ಸಿಕ್ಕ ಸೀಟು ನಾವಾಗಿಯೇ ಬಿಡುವತನಕ ನಮ್ಮದೇ.

ಹತ್ತರಲ್ಲಿ ಆರು ಜನಕ್ಕೆ ವ್ಯಾನಿಲ್ಲದೆ ಆಗುವುದಿಲ್ಲ. ಉಳಿದ ನಾಲ್ವರು ಅನುಕೂಲಸ್ಥರು, ಮನೆಯಲ್ಲಿ ಕಾರಿರುವವರು. ಅವರಲ್ಲಿ ಮುಂದಾಳು ನಮ್ಮ ಇಂಜಿನಿಯರ್ ಸಾಹೇಬರು. ನೀರು ಸರಬರಾಜು ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೈತುಂಬ ಪಿಂಚಣಿ, ಬಾಡಿಗೆಗೆ ಕೊಟ್ಟ ಮೂರು ಮನೆ, ಹೊದಿಕೆ ಹೊದ್ದು ಶೆಡ್ಡಿನಲ್ಲಿ ಮಲಗಿರುವ ಕಾರು, ಅದನ್ನು ಓಡಿಸಲು ಒಬ್ಬ ಡ್ರೈವರು. ಎರಡು ವರ್ಷದ ಹಿಂದೆ ಬಿದ್ದು ಮಂಡಿ ನೋವಾದಾಗ ವ್ಯಾನಿಗೆ ಹೆಸರು ಬರೆಸಿದ್ದರು. ಮಂಡಿ ಆರು ತಿಂಗಳಲ್ಲಿ ವಾಸಿಯಾಯಿತು, ಸಾಹೇಬರು ಮಾತ್ರ ಸೀಟು ಬಿಡಲಿಲ್ಲ. ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸುವುದು, ಕಾಯುವ ಹಾಲಿನಲ್ಲಿ ಪೇಪರ್ ಓದುವುದು, ನಾಲ್ಕು ಮಾತಾಡಿ ಬರುವುದು. ಯಾರಾದರೂ ಸೂಕ್ಷ್ಮವಾಗಿ ಹೇಳಹೋದರೆ ‘ಅದು ನನ್ನ ಹಕ್ಕು’ ಅನ್ನುತ್ತಿದ್ದರು. ಹಾಗಾಗಿ ಬೀದಿಯಲ್ಲಿ ಅವರ ಹೆಸರು ಹಕ್ಕಿನಜ್ಜ ಅಂತಲೇ ಆಗಿಹೋಗಿತ್ತು, ಬೆನ್ನ ಹಿಂದೆ ಮಾತ್ರ.

ಪಟ್ಟಿಯಲ್ಲಿ ಹನ್ನೊಂದನೆಯವಳು ಇಸ್ತ್ರಿ ಅಕ್ಕ. ಅದೇ ಬೀದಿಯ ಮೂಲೆಯಲ್ಲಿ ಒಂದು ಮೇಜು ಹಿಡಿಸುವಷ್ಟು ಅಂಗಡಿ. ಮೂವತ್ತು ವರ್ಷದಿಂದ ಬೀದಿಯ ಬಟ್ಟೆಯೆಲ್ಲ ಅವಳ ಕೈಯಲ್ಲೇ ಮಡಿಕೆ ಬಿದ್ದಿದೆ, ಸಾಹೇಬರ ಶರ್ಟೂ ಸೇರಿ. ನಾನು ಆ ಪಟ್ಟಿ ಅಂಟಿಸುವ ಸ್ವಲ್ಪ ಮುಂಚೆ ಅವಳಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟಿತು. ವಾರಕ್ಕೆರಡು ಸಲ ಫಿಸಿಯೋಥೆರಪಿ ಮಾಡಿಸಿದರೆ ಕೈ ತಿರುಗಿ ಬರುತ್ತದೆ, ಮೊದಲ ತಿಂಗಳುಗಳೇ ಮುಖ್ಯ, ತಡಮಾಡಿದರೆ ಬೆರಳು ಹೀಗೇ ಬಿಗಿದುಕೊಂಡು ಬಿಡುತ್ತವೆ ಅಂತ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಎರಡು ಬಸ್ಸು ಬದಲಿಸಿ ಹೋಗಬೇಕು. ಒಮ್ಮೆ ಹೋದಳು, ಕಂಬಿ ಹಿಡಿಯಲಾಗದೆ ಬಸ್ಸಿನಲ್ಲೇ ಬಿದ್ದಳು. ಮಗಳು ಏಳಕ್ಕೆಲ್ಲ ಫ್ಯಾಕ್ಟರಿಗೆ ಹೊರಡಬೇಕು. ಹೀಗೇ ಐದು ವಾರ ಹೋಯಿತು.

ಕೊನೆಗೆ ಸಾಹೇಬರ ಮನೆಗೇ ಹೋದೆ. ಯಾರ ಹೆಸರೂ ಎತ್ತದೆ, ನಿಮಗೆ ವ್ಯಾನು ಅಷ್ಟಾಗಿ ಬೇಕಿಲ್ಲವಲ್ಲ, ಬಿಟ್ಟುಕೊಡಬಹುದಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. ಕುರ್ಚಿ ಹಾಕಿಸಿ ಪಾಠ ಹೇಳಿದರು.

‘ನಲವತ್ತು ವರ್ಷ ತೆರಿಗೆ ಕಟ್ಟಿದೀನಿ ಸಿಸ್ಟರ್, ಅದು ಹಾಗಿರ್ಲಿ. ಇವತ್ತು ನಮ್ಮಂಥವರೆಲ್ಲ ಬಿಟ್ವಿ ಅಂದ್ಕೊಳ್ಳಿ. ನಾಳೆ ಅದು ಗತಿಯಿಲ್ಲದವರ ವ್ಯಾನು ಆಗತ್ತೆ. ಆಮೇಲೆ ಸೀಟು ಹರಿದ್ರೂ ಕೇಳೋರಿಲ್ಲ, ಬ್ರೇಕ್ ಹೋದ್ರೂ ಕೇಳೋರಿಲ್ಲ. ಎಲ್ಲರೂ ಕೂರೋ ವ್ಯಾನು ಅಂದ್ರೆ ಆಫೀಸಿನವರಿಗೂ ಭಯ ಇರತ್ತೆ.’

ಮಾತಿನಲ್ಲಿ ಹುರುಳಿತ್ತು, ಇಲ್ಲ ಅನ್ನಲಾರೆ. ಒಳಗಿನಿಂದ ಅವರ ಮನೆಯವರು, ‘ಮಂಡಿ ನೋವು ಅಂತ ವ್ಯಾನು ಹತ್ತೋರು ನಿನ್ನೆ ಮಹಡಿ ಮೇಲಿನ ನೀರಿನ ಟ್ಯಾಂಕ್ ಹತ್ತಿದ್ರು, ಅದನ್ನೂ ಬರ್ಕೊಳ್ಳಿ ಸಿಸ್ಟರ್’ ಅಂದರು. ಸಾಹೇಬರು ಕೇಳಿಸದವರ ಹಾಗೆ ಪೇಪರ್ ಬಿಡಿಸಿದರು.

ಆ ಶನಿವಾರ ನಾನು ಇಸ್ತ್ರಿ ಅಂಗಡಿಯಲ್ಲಿ ಅಕ್ಕನ ಬಿಪಿ ನೋಡುತ್ತಿದ್ದೆ. ಸಾಹೇಬರು ಒಂದು ಬಿಳಿ ಶರ್ಟು ಹಿಡಿದು ದುಮುಗುಡುತ್ತ ಬಂದರು. ಜೇಬಿನ ಮೇಲೆ ಕಂದು ಬಣ್ಣದ ಸುಟ್ಟ ಕಲೆ. ಮೂವತ್ತು ವರ್ಷದಲ್ಲಿ ಹೀಗಾಗಿದ್ದು ಅದೇ ಮೊದಲು. ಅಂಗಡಿಗೆ ಅವರು ಬಂದಿದ್ದೂ ಅದೇ ಮೊದಲಿರಬೇಕು, ಬಟ್ಟೆ ತಂದುಕೊಡುತ್ತಿದ್ದವನು ಡ್ರೈವರು.

‘ಎಡಗೈಲಿ ಮಾಡಿದ್ದು ಸಾರ್, ಜಾರಿಬಿಡ್ತು. ಬೇರೆ ಶರ್ಟು ತಂದ್ಕೊಡ್ತೀನಿ’ ಅಂದಳು ಅಕ್ಕ. ಮುಷ್ಟಿ ಕಟ್ಟಿದ ಬಲಗೈಯನ್ನು ಬಟ್ಟೆ ಅಲ್ಲಾಡದಂತೆ ಮೇಜಿನ ಮೇಲೆ ಊರಿಕೊಂಡಿದ್ದಳು.

ಬೈಯಲು ಬಂದ ಸಾಹೇಬರು ಆ ಮುಷ್ಟಿ ನೋಡಿ ಶರ್ಟನ್ನು ಕೆಳಗಿಳಿಸಿದರು. ಆಸ್ಪತ್ರೆಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದರು.

‘ವ್ಯಾನಲ್ಲಿ ಸೀಟಿಲ್ಲ ಸಾರ್, ನಾನು ಹನ್ನೊಂದನೆಯವಳು. ನೀವು ಕಿಟಕಿ ಪಕ್ಕ ಕೂತ್ಕೊಂಡು ಹೋಗೋದು ಇಲ್ಲಿಂದ ಕಾಣತ್ತೆ. ನೀವು ಕೈ ಬೀಸ್ತೀರಿ. ನನಗೆ ತಿರುಗಿ ಬೀಸೋಕಾಗಲ್ಲ. ಇರೋ ಒಂದು ಕೈಲಿ ಇಸ್ತ್ರಿ ಪೆಟ್ಟಿಗೆ ಹಿಡಿದಿರ್ತೀನಿ, ತಪ್ಪು ತಿಳ್ಕೋಬೇಡಿ.’

ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಚುಚ್ಚಿತು. ಸಾಹೇಬರು ಶರ್ಟನ್ನು ಮಡಿಸಿಕೊಂಡು ಮನೆಗೆ ಹೋದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಸಾಹೇಬರು ಯಾವುದನ್ನೂ ಸಣ್ಣದಾಗಿ ಮಾಡಿದವರಲ್ಲ. ಸೋಮವಾರ ಎಂಟಕ್ಕೆ ನಾನು ಹೋಗಿ ನೋಡಿದರೆ ವ್ಯಾನಿನ ಮುಂದೆ ಬ್ಯಾನರು, ಒಬ್ಬ ಫೋಟೋಗ್ರಾಫರು, ಮೈಕು ಬೇರೆ. ಸಾಹೇಬರು ತಮ್ಮ ಸೀಟನ್ನು ಬಡ ಹೆಣ್ಣುಮಗಳೊಬ್ಬಳಿಗೆ ದಾನ ಮಾಡುತ್ತಿರುವುದಾಗಿ ಭಾಷಣ ಮಾಡಿದರು. ಅಕ್ಕನನ್ನು ಮುಂದೆ ಕರೆದು, ಕ್ಯಾಮೆರಾ ಕಡೆ ನೋಡಮ್ಮ ಅಂದರು.

ಅಕ್ಕ ನೋಡಲಿಲ್ಲ. ‘ಸಾರ್, ಈ ವ್ಯಾನು ನಿಮಗೆ ಹೇಗೋ ನನಗೂ ಹಾಗೇ. ನನಗೂ ಅರವತ್ತಾರಾಯ್ತು. ದಾನದ ಸೀಟಲ್ಲಿ ನಾನು ಕೂರಲ್ಲ’ ಅಂದವಳೇ ಅಂಗಡಿಗೆ ನಡೆದುಬಿಟ್ಟಳು. ಅವಳ ಹಿಂದೆ ಸಾಲಿನಲ್ಲಿದ್ದ ಮೂವರೂ, ಹನ್ನೆರಡು, ಹದಿಮೂರು, ಹದಿನಾಲ್ಕು, ಒಬ್ಬರೂ ಮುಂದೆ ಬರಲಿಲ್ಲ. ಅವತ್ತು ವ್ಯಾನು ಒಂದು ಖಾಲಿ ಸೀಟು ಹೊತ್ತು ಹೋಯಿತು. ನನಗೆ ಸಾಹೇಬರ ಮೇಲೆ ಎಷ್ಟು ಸಿಟ್ಟು ಬಂತೋ, ಅಕ್ಕನ ಬಗ್ಗೆ ಅಷ್ಟೇ ಹೆಮ್ಮೆಯಾಯಿತು. ಆದರೆ ಹೆಮ್ಮೆಯಿಂದ ಬೆರಳು ಬಿಚ್ಚುವುದಿಲ್ಲವಲ್ಲ.

ಸಾಹೇಬರ ಮುಖ ಬಾಡಿಹೋಗಿತ್ತು. ‘ನೋಡಿ, ಬಿಟ್ಟರೂ ತಪ್ಪು, ಹಿಡಿದರೂ ತಪ್ಪು’ ಅಂದರು. ನಾನು ಅವರನ್ನು ಕೇಂದ್ರಕ್ಕೆ ಕರೆದೊಯ್ದು ಒಂದು ಫಾರಂ ಮುಂದಿಟ್ಟೆ. ಅರ್ಧ ಪುಟದ್ದು. ‘ನನಗೆ ಸದ್ಯ ಈ ಸೌಲಭ್ಯ ಬೇಕಿಲ್ಲ’ ಎಂಬ ಒಂದೇ ಸಾಲು, ಕೆಳಗೆ ಸಹಿ. ಕಾರಣ ಬರೆಯಬೇಕಿಲ್ಲ, ಯಾರಿಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ.

‘ನಾಳೆ ನನಗೇ ಬೇಕಾದ್ರೆ?’ ಅಂತ ಕೇಳಿದರು.

‘ಹಿಂಬದಿ ತುಂಬಿಕೊಡಿ, ಮತ್ತೆ ಸಾಲಿಗೆ ಬರ್ತೀರಿ. ಹಕ್ಕು ಎಲ್ಲೂ ಹೋಗಲ್ಲ ಸಾರ್, ನಿಮ್ಮದು ನಿಮ್ಮ ಹತ್ರಾನೇ ಇರತ್ತೆ. ಸೀಟು ಮಾತ್ರ ಬೇಕಾದವರಿಗೆ ಹೋಗತ್ತೆ. ಇನ್ನು ವ್ಯಾನು ಹಾಳಾದ್ರೆ ಕೇಳೋರಿಲ್ಲ ಅಂದ್ರಲ್ಲ, ಕೇಳೋಕೆ ಸೀಟಲ್ಲಿ ಕೂತಿರಬೇಕಾ?’

ಅವರು ಫಾರಂ ತಿರುವಿ ಹಿಂಬದಿಯನ್ನೂ ಓದಿ ಸಹಿ ಮಾಡಿದರು. ಆಮೇಲೆ ನನ್ನನ್ನೂ ಕರೆದುಕೊಂಡು ಅಕ್ಕನ ಅಂಗಡಿಗೆ ಬಂದರು. ಮೈಕಿರಲಿಲ್ಲ, ಫೋಟೋ ಇರಲಿಲ್ಲ.

‘ತಪ್ಪಾಯ್ತಮ್ಮ. ದಾನ ಅಂದೆ. ದಾನ ಮಾಡೋಕೆ ಅದು ನನ್ನ ಸ್ವತ್ತಾಗಿರ್ಲಿಲ್ಲ’ ಅಂದರು.

ಅಕ್ಕ ನನ್ನ ಕಡೆ ತಿರುಗಿ, ‘ಇವರು ಕೊಟ್ಟಿದ್ದಾ, ನನ್ನ ನಂಬರು ಬಂದಿದ್ದಾ?’ ಅಂತ ಖಡಾಖಂಡಿತವಾಗಿ ಕೇಳಿದಳು. ನಂಬರು ಬಂದಿದ್ದು ಅಂದೆ. ‘ಹಾಗಾದ್ರೆ ಗುರುವಾರ ಬರ್ತೀನಿ’ ಅಂದಳು.

ಮುಂದಿನದನ್ನು ಹೇಳುವಾಗ ನನಗೆ ಈಗಲೂ ಖುಷಿ. ಸಾಹೇಬರು ತಮ್ಮ ಜೊತೆ ಬೆಳಗಿನ ವಾಕಿಂಗ್ ಮಾಡುವ ಮೂವರನ್ನು, ಅಂದರೆ ಕಾರಿದ್ದೂ ವ್ಯಾನು ಹತ್ತುತ್ತಿದ್ದ ಆ ಉಳಿದ ಮೂವರನ್ನು ಬೆನ್ನು ಹತ್ತಿದರು. ನಡೆಯುವಾಗೆಲ್ಲ ಅದೇ ಮಾತು. ಮಾತು ತಾಳಲಾರದೆ ಒಬ್ಬರು, ಒಪ್ಪಿ ಇಬ್ಬರು ಸಹಿ ಹಾಕಿದರು. ಹನ್ನೆರಡು, ಹದಿಮೂರು, ಹದಿನಾಲ್ಕು ವ್ಯಾನು ಹತ್ತಿದವು. ವ್ಯಾನಿನ ಮೆಟ್ಟಿಲು ಸಡಿಲವಾದಾಗ ಕಚೇರಿಗೆ ಮೂರು ಅರ್ಜಿ ಬರೆದು, ನಾಲ್ಕನೆಯದಕ್ಕೆ ತಾವೇ ಹೋಗಿ ಮೇಜಿನ ಮುಂದೆ ಕೂತವರು ಹಕ್ಕಿನಜ್ಜ. ‘ನಾನು ಹತ್ತದೇ ಇರಬಹುದು, ಅದು ನನ್ನ ವ್ಯಾನೂ ಹೌದು’ ಅಂದರಂತೆ. ಹೊಸ ಮೆಟ್ಟಿಲ ಜೊತೆಗೆ ಹಿಡಿಯಲು ಕಂಬಿಯೂ ಬಂತು.

ಗೋಡೆಯ ಕಾಗದವನ್ನು ನಾನೇ ಕಿತ್ತೆ. ಅಂಟಿನ ಗುರುತು ಇನ್ನೂ ಇದೆ, ಬಂದವರಿಗೆಲ್ಲ ತೋರಿಸುತ್ತೇನೆ.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಸಾಹೇಬರು ತಮ್ಮ ಮನೆ ಗೇಟಿನ ಹತ್ತಿರ ನಿಂತು ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಅವರ ಮನೆಯವರು, ನಾನು. ವ್ಯಾನು ಬಂತು. ಕಿಟಕಿ ಪಕ್ಕದಲ್ಲಿ ಇಸ್ತ್ರಿ ಅಕ್ಕ ಕೂತಿದ್ದಳು. ನಮ್ಮನ್ನು ಕಂಡು ಕೈ ಎತ್ತಿ ಬೀಸಿದಳು. ಬಲಗೈ. ಐದು ಬೆರಳೂ ಬಿಚ್ಚಿತ್ತು.

ಸಾಹೇಬರ ಕೈಯಿಂದ ಪೇಪರ್ ಬಿದ್ದೇ ಹೋಯಿತು, ಅವರು ಎರಡೂ ಕೈ ಬೀಸುತ್ತಿದ್ದರು. ‘ಇನ್ನು ಶರ್ಟು ಸುಟ್ಟರೆ ಬೈಯಬಹುದು ನೀವು’ ಅಂದರು ಮನೆಯವರು, ಕಣ್ಣೊರೆಸಿಕೊಳ್ಳುತ್ತ.

ಓದುತ್ತಿರುವ ಹಿರಿಯರೇ, ಸರ್ಕಾರ ಎಲ್ಲರಿಗೂ ಕೊಡುವ ಸೌಲಭ್ಯದಲ್ಲಿ ನಿಮಗೂ ಪಾಲಿದೆ, ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಬೇಕಾದವರು ತಲೆಯೆತ್ತಿ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ. ದೇವರು ಅನುಕೂಲ ಕೊಟ್ಟವರು ಒಂದು ಸಹಿ ಹಾಕಿ, ಸದ್ದಿಲ್ಲದೆ ಬಿಡಿ. ಬಿಟ್ಟ ಮೇಲೂ ಅದರ ಮೇಲೆ ಒಂದು ಕಣ್ಣಿಟ್ಟಿರಿ. ನಾಳೆ ಬೆಳಿಗ್ಗೆ ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಗೋಡೆ ನೋಡಿ. ಅಲ್ಲಿ ಹನ್ನೊಂದನೇ ನಂಬರಿನವರು ಯಾರೋ ಇದ್ದಾರೆ, ಅವರು ನಿಮ್ಮ ಬೀದಿಯವರೇ ಇರಬಹುದು.