ಜನವರಿಯ ಕಾಗದ

ಈ ನೀರಿಗೆ ಉಪ್ಪು ಸುರಿದು ಮೇಲೆ ನಿಂಬೆಹಣ್ಣಿನ ವಾಸನೆ ಹಚ್ಚಿ ಯಾರಿಗೆ ಟೋಪಿ ಹಾಕಲು ಹೊರಟಿದ್ದಾರೋ, ಇದು ಐದನೇ ಗ್ಲಾಸು, ಕಾಲು ಗಂಟೆಗೊಂದರಂತೆ ಇನ್ನೂ ಮೂರಿವೆ, ಕುಡೀರಿ ಗುಡ್ಡಪ್ಪ, ನಾಳೆ ಆಪರೇಷನ್ ಟೇಬಲ್ ಮ್ಯಾಲೆ ಮಲಗೋ ಹೊತ್ತಿಗೆ ಕರುಳು ತೊಳೆದಿಟ್ಟಂಗ ಇರಬೇಕು ಅಂತ ನರ್ಸು ಗೋಡೆ ಗಡಿಯಾರ ತೋರಿಸಿ ಹೋಗಿದ್ದಾಳೆ, ಗುಡ್ಡಪ್ಪ ಕಣ್ಣು ಮುಚ್ಚಿ ಗುಟುಕರಿಸಿದ, ಹೊಟ್ಟೆಯೊಳಗೆ ಗುಡುಗುಡು ಶುರುವಾಯಿತು, ಒಣಗಿದ ಕಾಲುವೆಗೆ ಡ್ಯಾಮಿನಿಂದ ಮೊದಲ ನೀರು ಬಿಟ್ಟಾಗಲೂ ಹೀಗೇ, ಕಸ, ಸೊಪ್ಪು, ಹರಿದ ಚಪ್ಪಲಿ ಎಲ್ಲವನ್ನೂ ನೂಕಿಕೊಂಡು ಕೆಂಪಗೆ ಬರುತ್ತದೆ, ಎಮ್ಮಿಗನೂರಿನ ತೂಬಿನ ಮೇಲೆ ನಿಂತು ಇಪ್ಪತ್ತಾರು ವರ್ಷ ಆ ನೀರನ್ನು ಎದುರುಗೊಂಡ ನೀರುಗಂಟಿ ಅವನು, ಈ ವರ್ಷ ಮಾತ್ರ ನೀರು ಬಂದಾಗ ಅಲ್ಲಿರಲಿಲ್ಲ, ಬಳ್ಳಾರಿಯಲ್ಲಿ ಗಡ್ಡೆ ಸುಡುವ ಕರೆಂಟು ಹಿಡಿಸಿಕೊಳ್ಳುತ್ತಿದ್ದ, ಈಗ ಹೊಸಪೇಟೆಯ ಈ ಆಸ್ಪತ್ರೆಯಲ್ಲಿ ಕಕ್ಕಸಿಗೆ ಹತ್ತಿರದ ಮಂಚವೇ ಬೇಕೆಂದು ಹಟ ಹಿಡಿದು ಕೂತಿದ್ದಾನೆ. ಅಂಗಿ ಎತ್ತಿ ನೋಡಿಕೊಂಡ, ಹೊಕ್ಕುಳದ ಎಡಕ್ಕೆ ಕರಿ ಪೆನ್ನಿನ ದುಂಡು ಗುರುತು, ಬೆಳಿಗ್ಗೆ ಅದೇ ನರ್ಸು ಅವನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಲುಂಗಿ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿ ಬರೆದದ್ದು, ಕರುಳಿನ ತುದಿಯನ್ನು ಇಲ್ಲಿಂದ ಹೊರಗೆ ತೆಗೆದು ಚೀಲ ಅಂಟಿಸುತ್ತಾರೆ, ಹಿಂದಿನ ದಾರಿಯನ್ನು ಹೊಲಿದು ಮುಚ್ಚುತ್ತಾರೆ, ಮತ್ತೆ ತೆರೆಯುವುದಿಲ್ಲ, ಸಾಯುವ ತನಕ ಹೇಲು ಹೊಟ್ಟೆಯ ಮೇಲೆ ಹೊತ್ತುಕೊಂಡೇ ತಿರುಗಬೇಕು — ಬರೆದು ಮುಗಿಸಿದವಳೇ ಉಡಿದಾರ ತೆಗೀಬೇಕ್ರಿ ಅಂತ ಕತ್ತರಿ ತಂದಳು, ಅವನು ಗಬಕ್ಕನೆ ಕತ್ತರಿಯನ್ನೇ ಹಿಡಿದ, ಉಡಿದಾರ ಕತ್ತರಿಸೋದು ಹೆಣಕ್ಕವ್ವಾ, ನಾನಾ ಬಿಚ್ಚಿ ಕೊಡ್ತೀನಿ, ಬೆವರು ಕುಡಿದು ಕಲ್ಲಾಗಿದ್ದ ಗಂಟು, ಉಗುರಿಗೆ ಜಗ್ಗಲೇ ಇಲ್ಲ, ಹೆಂಡತಿ ಹೊಳೆಮ್ಮ ನಾ ಬಿಚ್ಚಲೇನು ಎನ್ನುತ್ತ ಹತ್ತಿರ ಬಂದಳು, ಮುಟ್ಟಬ್ಯಾಡ ಅಂದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವನು ಅವಳಿಗೆ ಒಂದು ಸಲವೂ ಅಂದಿರಲಿಲ್ಲ.

ಅಷ್ಟು ಹೊತ್ತಿಗಾಗಲೇ ಜನವರಿಯ ಮಾತು ಹೊರಬಿದ್ದಿತ್ತು, ಎಂಟು ಗಂಟೆಗೆ ಸಣ್ಣ ಡಾಕ್ಟರು ಬಂದು ಫೈಲು ತಿರುವುತ್ತ ತಿರುವುತ್ತ ಬೈದದ್ದು, ಅಲ್ರೀ, ಜನವರಿ ಹನ್ನೊಂದಕ್ಕೇ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ, ಮೇ ಕೊನೇ ತನಕ ಏನ್ ಮಾಡ್ತಿದ್ರಿ, ಆಗಲೇ ಬಂದಿದ್ರೆ ಹಿಂದಿನ ದಾರಿ ಉಳಿಸಬಹುದಿತ್ತು, ಗುಡ್ಡಪ್ಪ ನಕ್ಕ, ಸಾಹೇಬ್ರ, ಅದು ಬ್ಯಾರೇದವರದ ಇರಬೇಕು, ಜನವರ್ಯಾಗ ನನಗ ಬರೇ ಮೂಲವ್ಯಾಧಿ ಇತ್ತು ಅಂದ, ಡಾಕ್ಟರು ಕಾಗದವನ್ನು ಅವನತ್ತ ತಿರುಗಿಸಿದರು, ಓದಲು ಬಾರದವನಿಗೂ ಅಂಕಿ ತಿಳಿಯುತ್ತದೆ, ಹನ್ನೊಂದು, ಒಂದು, ಹೊಳೆಮ್ಮ ಗೋಡೆ ನೋಡುತ್ತಿದ್ದಳು, ಗುಡ್ಡಪ್ಪನ ತಮ್ಮ ಮಾರೆಪ್ಪ ನೋಡಲು ಗೋಡೆಯೂ ಸಿಗದೆ ಎದ್ದು ಹೊರಗೆ ಹೋದ. ಅವತ್ತು ಆ ಕಾಗದ ತರಲು ಹೋದವರು ಇವರಿಬ್ಬರೇ, ಬಂದು ಮೂಲವ್ಯಾಧಿ ಅಂದವರೂ ಇವರೇ, ಮೂಲವ್ಯಾಧಿಯಂತೆ! ದಿನಾ ನಸುಕಿಗೆ ಮೂಲಂಗಿ ರಸ ತಂದು ಬಾಯಿಗಿಡುತ್ತಿದ್ದಳಲ್ಲ ಇವಳು, ಒಗ್ಗರಣೆಯಲ್ಲಿ ಮೆಣಸಿನಕಾಯಿ ಬಿಟ್ಟಳು, ಮಜ್ಜಿಗೆ ಕುಡೀರಿ, ಉರಿ ಕಮ್ಮಿ ಆಕ್ಕೈತಿ ಅಂದಳು, ಗುಡ್ಡಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ, ನನ್ನ ಹೇಣ್ತಿ ನನ್ನ ಮಗೀನಂಗ ನೋಡಿಕೊಂತಾಳ ಅಂತ, ದಡ್ಡ, ಕಡು ದಡ್ಡ. ಡಾಕ್ಟರು ಹೋದ ಮೇಲೆ ಯಾಕ ಅಂತ ಒಂದೇ ಮಾತು ಕೇಳಿದ, ಅವಳು ಸೆರಗು ಹಿಂಡುತ್ತ ಬಿಟ್ಟು ಬಿಟ್ಟು ಹೇಳಿದಳು, ಮಗಳ ಮದುವಿ ನಿಶ್ಚಯ ಆಗಿತ್ತಲ್ರಿ, ತಂದಿಗೆ ಇಂಥಾ ಬ್ಯಾನಿ ಐತಿ ಅಂದ್ರ ಸಂಡೂರು ಬೀಗರು ಒಲ್ಲೆ ಅಂತಿದ್ರು, ನಾಳೆ ಮೊಮ್ಮಕ್ಕಳಿಗೂ ಬರತೈತಿ ಅಂತಿದ್ರು, ನಿಮಗ ಹೇಳಿದ್ರ ನೀವಾ ಹೋಗಿ ಅವರಿಗೆ ಹೇಳಿಬಿಡ್ತಿದ್ರಿ, ನಿಮ್ಮ ಬಾಯಾಗ ಸುಳ್ಳು ನಿಲ್ಲಂಗಿಲ್ಲ. ಆಹಾ, ತಪ್ಪು ಅವನದೇ ಆಯಿತು, ನಿಜ ಹೇಳುವ ಗಂಡನಿಗೆ ನಿಜ ಹೇಳಬಾರದು.

ಆರನೇ ಗ್ಲಾಸು, ನಾಲಿಗೆ ಮರಗಟ್ಟಿದೆ, ರುಚಿಯೂ ಇಲ್ಲ ಮಣ್ಣೂ ಇಲ್ಲ, ಇಪ್ಪತ್ತಾರು ವರ್ಷ ಅವನು ಒಬ್ಬರ ಪಾಳಿಯನ್ನು ಇನ್ನೊಬ್ಬರಿಗೆ ಕೊಟ್ಟವನಲ್ಲ, ಸೋಮವಾರದ ನೀರು ಸೋಮವಾರದವನಿಗೇ, ಊರ ಗೌಡನೇ ಬಂದು ನಿಂತರೂ ತೂಬಿನ ಕೀಲಿ ಸೊಂಟದಿಂದ ಈಚೆಗೆ ಬಂದದ್ದಿಲ್ಲ, ಒಂದು ಬೇಸಿಗೆ ಈ ಮಾರೆಪ್ಪನೇ ಬಂದಿದ್ದ, ಅಣ್ಣಾ, ತೆನಿ ಹಾಲು ಕಟ್ಟೋ ಹೊತ್ತು, ಒಂದು ತಾಸು ಬಿಡು ಸಾಕು, ಕಾಲುವೆಯ ಕಟ್ಟಕಡೆಯ ಹೊಲ ಅವನದು, ಭತ್ತ ಬಿಳಿಚಿಕೊಂಡಿತ್ತು, ತಮ್ಮ ಅಂತ ತೂಬು ಎತ್ತಿದ್ರ ನಾಳೆ ಊರಿಗೆ ಏನ್ ಮಾರಿ ತೋರಿಸ್ಲೋ ಅಂದುಬಿಟ್ಟಿದ್ದ ಗುಡ್ಡಪ್ಪ, ಅರ್ಧ ಪೈರು ಜೊಳ್ಳಾಯಿತು, ಮಾರೆಪ್ಪ ಆರು ತಿಂಗಳು ಮಾತು ಬಿಟ್ಟ — ಅದರ ಸೇಡೇನು ಇದು? ಅಲ್ಲ, ಸೇಡು ತೀರಿಸಿಕೊಳ್ಳುವವನು ಹೀಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಳ್ಳುವುದಿಲ್ಲ, ಸೇಡಾಗಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು, ಇವರು ಪ್ರೀತಿಯಿಂದ ಮಾಡಿದ್ದಾರೆ, ಕೂತು ಮಾತಾಡಿಕೊಂಡು ಅವನ ಪಾಳಿಯನ್ನು ಎತ್ತಿ ಮದುವೆಗೆ ಕೊಟ್ಟಿದ್ದಾರೆ, ಅವನನ್ನು ಒಂದು ಮಾತು ಕೇಳಿದ್ದರೆ ಅವನೇ ಕೊಡುತ್ತಿದ್ದನೇನೋ, ಮಗಳಿಗಾಗಿ, ಕೇಳಲಿಲ್ಲ, ಅದೇ ಸುಡುತ್ತಿದೆ. ಒಪ್ಪಿಗೆ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕೆಂದು ನರ್ಸು ಹಾಳೆ ತಂದಾಗ ಹೊಳೆಮ್ಮ ಹೆಬ್ಬೆಟ್ಟು ಚಾಚಿದಳು, ಅವನು ಹಾಳೆಯನ್ನು ತಲೆದಿಂಬಿನಡಿ ಇಟ್ಟುಕೊಂಡು ದೇವಿಕಾ ಬರಲಿ ಅಂದ, ಮಗಳೊಬ್ಬಳೇ ಉಳಿದಿರುವುದು ಈಗ, ಪಾಪ, ಅವಳಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ, ತನ್ನ ಮದುವೆಗಾಗಿ ಅಪ್ಪನನ್ನು ಹೀಗೆ ಮಾಡಿದರೆಂದು ಅವ್ವನ ಮಾರಿ ನೋಡುವುದಿಲ್ಲ, ಸಂಡೂರಿನಿಂದ ಬಸ್ಸು ಹತ್ತಿದ್ದಾಳಂತೆ, ನಾಲ್ಕಕ್ಕೆ ಬರುತ್ತಾಳೆ, ಅವಳಿಗೆ ಹೇಗೆ ಹೇಳುವುದು, ನಗುನಗುತ್ತ ಹೇಳಬೇಕು, ನಿಮ್ಮವ್ವ ನನಗ ಮೂಲಂಗಿ ಕುಡಿಸಿದ್ಲು ನೋಡವಾ ಅಂತ.

ತಡೆ, ಬಂತು, ಲುಂಗಿ ಹಿಡಿದುಕೊಂಡು ಓಟ, ಕಕ್ಕಸಿನ ಬಾಗಿಲು ಹಾಕಲೂ ಪುರುಸೊತ್ತಿಲ್ಲ, ಈಗ ಬರೀ ನೀರು, ಮೂಲೆಯಲ್ಲಿಟ್ಟ ಡಬ್ಬಿಯ ಮೇಲೆ ಏನೋ ಇಂಗ್ಲಿಷ್ ಬರೆದಿದೆ, ಫಿನಾಯಿಲೋ ಆಸಿಡ್ಡೋ, ಕುಂತಲ್ಲೇ ದಿಟ್ಟಿಸಿದ, ಅಕ್ಷರ ಇರುವೆಯ ಸಾಲಿನ ಹಾಗೆ, ಡಾಕ್ಟರು ತೋರಿಸಿದ ಕಾಗದದಲ್ಲೂ ಇವೇ ಇರುವೆಗಳು, ಎಲ್ಲ ಇಂಗ್ಲಿಷು, ಕನ್ನಡದ ಒಂದಕ್ಷರ ಇರಲಿಲ್ಲ, ಕನ್ನಡವಾದರೂ ಏನು, ಹೊಳೆಮ್ಮ ಹೆಬ್ಬೆಟ್ಟು, ಮಾರೆಪ್ಪ ಬಸ್ಸಿನ ಬೋರ್ಡನ್ನೇ ಇನ್ನೊಬ್ಬರಿಗೆ ಕೇಳಿ ಹತ್ತುವವನು — ಹಾಗಾದರೆ ಓದಿದವರು ಯಾರು? ಮುಚ್ಚಿಡುವುದಕ್ಕೂ ಮೊದಲು ಯಾರಾದರೂ ಓದಿ ಹೇಳಬೇಕಲ್ಲ. ಬೇರೆಯವರಿಗೆ ತೋರಿಸಿರಲಾರರು, ಊರಿಗೆ ಗೊತ್ತಾದೀತೆಂಬ ಭಯ ಅವರದು. ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ. ಕಂಪ್ಲಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು, ದಿನಕ್ಕೆ ನೂರು ರಿಪೋರ್ಟು ನೋಡುತ್ತಿದ್ದವಳು. ಅವನು ಗೋಡೆ ಹಿಡಿದು ಎದ್ದ, ನೀರು ಸುರಿದ, ಮತ್ತೆ ಸುರಿದ, ಜನವರಿಯಿಂದ ಸಂಬಳದ ದಿನ ಗುಳಿಗೆ ತರುತ್ತಿದ್ದಳು, ಅಪ್ಪಾ, ಇವು ಶಕ್ತಿ ಗುಳಿಗಿ, ತಪ್ಪಸಬ್ಯಾಡ, ಮದುವೆಯನ್ನು ಒಂದು ತಿಂಗಳು ಮೊದಲೇ ಮಾಡೋಣ ಅಂದವಳೂ ಅವಳೇ, ಹುಡುಗಿಗೆ ಅವಸರ ಆಗೇತಿ ಅಂತ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಹೊರಗೆ ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು, ಅವ್ವಾ, ಅಪ್ಪ ಎಲ್ಲ್ಯದಾನ ಎಂಬ ದನಿ, ಅವನು ಚಿಲಕ ಹಾಕಿಕೊಂಡ. ವೈಶಾಖದ ಬಿಸಿಲು, ಹಂದರದ ಕೆಳಗೆ ಅವನ ಮುಂದೆ ಅವಳ ಎರಡು ಅಂಗೈ, ಗೋರಂಟಿಯಲ್ಲಿ ಕೆಂಪಾದವು, ಅವನು ಧಾರೆಯ ನೀರು ಎರೆಯುತ್ತಿದ್ದಾನೆ, ಅವಳು ಬೆರಳು ಕೂಡಿಸಿ ಹಿಡಿಯುತ್ತಿಲ್ಲ, ನೀರು ಬೆರಳ ಸಂದಿಯಿಂದ ಸೋರುತ್ತಿದೆ, ಅಂಜಬ್ಯಾಡವ್ವಾ, ನಿಮ್ಮಪ್ಪ ಎಲ್ಲಿ ಹೊಕ್ಕಾನ ಅಂತ ಅವನೇ ಸಮಾಧಾನ ಹೇಳುತ್ತಿದ್ದಾನೆ, ಅವಳು ತಲೆ ಎತ್ತುವುದಿಲ್ಲ, ಅಪ್ಪಾ, ಬಾಗಲಾ ತಗೀ, ನಾನು ದೇವಿಕಾ, ಅವಳು ತಲೆ ಎತ್ತುವುದಿಲ್ಲ, ಗೋರಂಟಿಯ ಕೈ, ಸೋರುವ ನೀರು, ಅಪ್ಪಾ, ಸಹಿ ಹಾಕಾಕ ಕರೀತಾರ, ಗೋರಂಟಿಯ ಕೈ, ಅವನು ಎರೆಯುತ್ತಲೇ ಇದ್ದಾನೆ, ಆ ಕೈ